ಹಳೇ ಪದ್ಮಿನಿ, ಅಂಬಾಸಿಡರ್ ಸ್ಟಾರ್ಟ್ ಆಗ್ತಿಲ್ವಾ? ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆಗೆ ಹೊರಟ ಹೊತ್ತಿಗೇ ನನಗೆ ಫೋನ್ ಬರುತ್ತದೆ. "ಅಣ್ಣಾ, ಗಾಡಿ ಹಿಡೀತಿಲ್ಲ, ಏನ್ ಮಾಡ್ಲಿ?" ಹಳೇ ಕಾರು ಇಟ್ಟುಕೊಂಡವರು ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಇನ್ನೂ ಸುಮಾರು ಜನ ಇದ್ದಾರೆ, ಎಲ್ಲರೂ ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ನಾನು ಮೆಕ್ಯಾನಿಕ್ ಅಲ್ಲ. ಮಂಡಕ್ಕಿ ಭಟ್ಟಿಯ ಲೆಕ್ಕ ಬರೆಯುವವನು. ದುರ್ಗದ ಮಾವ ಕೊಟ್ಟ 1987ರ ಪದ್ಮಿನಿ ನನ್ನ ಹತ್ತಿರ ಇದೆ, ಅದು ದಾರಿಯಲ್ಲಿ ನಿಂತು ನಿಂತು ಕಲಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ಗಾಡಿ ಸ್ಟಾರ್ಟ್ ಆಗ್ತಿಲ್ಲ. ಮೊದಲು ಏನು ನೋಡಲಿ?

ಮೊದಲು ಸ್ಪ್ಯಾನರ್ ಕೆಳಗಿಡಿ. ಐದು ನಿಮಿಷ ಏನನ್ನೂ ಬಿಚ್ಚಬೇಡಿ.

"ಸ್ಟಾರ್ಟ್ ಆಗ್ತಿಲ್ಲ" ಅನ್ನುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ಕೀ ತಿರುಗಿಸಿದರೆ ಇಂಜಿನ್ ತಿರುಗುವುದೇ ಇಲ್ಲ, ಇದು ಒಂದು. ಇಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹಿಡಿಯುವುದಿಲ್ಲ, ಇದು ಇನ್ನೊಂದು. ಮೊದಲನೆಯದು ಬ್ಯಾಟರಿ, ವೈರು, ಸೆಲ್ಫ್ ಮೋಟರ್ (ಕೀ ತಿರುಗಿಸಿದಾಗ ಇಂಜಿನ್ ತಿರುಗಿಸುವ ಮೋಟರ್) ಕಡೆಯದು. ಎರಡನೆಯದು ಕರೆಂಟ್ ಇಲ್ಲವೇ ಪೆಟ್ರೋಲ್ ಕಡೆಯದು. ಇದನ್ನು ವಿಂಗಡಿಸದೆ, ಪೆಟ್ರೋಲನ್ನು ಗಾಳಿಗೆ ಬೆರೆಸಿ ಇಂಜಿನ್‌ಗೆ ಕಳಿಸುವ ಕಾರ್ಬೊರೇಟರ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಾ ಕೂತವರನ್ನು ನಾನು ನೋಡಿದ್ದೇನೆ, ಬ್ಯಾಟರಿ ಟರ್ಮಿನಲ್ ಸಡಿಲ ಇತ್ತು ಅಷ್ಟೇ. ಹಳೇ ಗಾಡಿಯ ಒಂದು ಸುಖ ಏನೆಂದರೆ ಅದರಲ್ಲಿ ಕಂಪ್ಯೂಟರ್ ಇಲ್ಲ. ಏನು ಕೆಟ್ಟಿದ್ದರೂ ಕಣ್ಣಿಗೆ, ಕಿವಿಗೆ, ಮೂಗಿಗೆ ಸಿಗುತ್ತದೆ.

ಕೀ ತಿರುಗಿಸಿದರೆ ಬರೀ "ಟಿಕ್" ಅನ್ನುತ್ತೆ. ಬ್ಯಾಟರಿ ಹೋಯ್ತಾ?

ಇರಬಹುದು, ಆದರೆ ಅಂಗಡಿಗೆ ಓಡಬೇಡಿ. ಹೆಡ್‌ಲೈಟ್ ಹಾಕಿ, ಯಾರನ್ನಾದರೂ ಮುಂದೆ ನಿಲ್ಲಿಸಿ, ಕೀ ತಿರುಗಿಸಿ. ಲೈಟ್ ಪೂರ್ತಿ ಮಂಕಾದರೆ ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಅಥವಾ ಟರ್ಮಿನಲ್ ಹಿಡಿತ ಸರಿ ಇಲ್ಲ, ಇಲ್ಲವೇ ಸೆಲ್ಫ್ ಜಾಮ್ ಆಗಿದೆ. ಲೈಟ್ ಸ್ವಲ್ಪವೂ ಕದಲದಿದ್ದರೆ ಕರೆಂಟ್ ಸೆಲ್ಫ್‌ವರೆಗೆ ಹೋಗುತ್ತಲೇ ಇಲ್ಲ. ಆಗ ಕೀ ಸ್ವಿಚ್, ಸೊಲೆನಾಯ್ಡ್ (ಸೆಲ್ಫ್‌ಗೆ ದೊಡ್ಡ ಕರೆಂಟ್ ಬಿಡುವ ಸ್ವಿಚ್), ಅದಕ್ಕೆ ಹೋಗುವ ಸಣ್ಣ ವೈರ್ ನೋಡಬೇಕು.

ಒಂದು ಮಲ್ಟಿಮೀಟರ್ ಇದ್ದರೆ ಇನ್ನೂ ಸುಲಭ. ರಾತ್ರಿಯಿಡೀ ಸುಮ್ಮನಿದ್ದ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ. 12.0 ಅಂದರೆ ಹೊಟ್ಟೆ ಖಾಲಿ. ಇದಕ್ಕಿಂತ ಮುಖ್ಯವಾದದ್ದು ಸೆಲ್ಫ್ ಹೊಡೆಯುವಾಗಿನ ವೋಲ್ಟ್. ಆಗ ಅದು ಸುಮಾರು 9.6ಕ್ಕಿಂತ ಕೆಳಗೆ ಬೀಳಬಾರದು. ಸುಮ್ಮನಿದ್ದಾಗ 12.6 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ 6ಕ್ಕೆ ಇಳಿಯುವ ಬ್ಯಾಟರಿಗಳೂ ಇವೆ. ಅವಕ್ಕೆ ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿದ್ದರೆ ಬಿಸಿನೀರಿಗೆ ಅಡಿಗೆ ಸೋಡಾ ಹಾಕಿ ತೊಳೆಯಿರಿ, ಸೋಡಾ ನೀರು ಬ್ಯಾಟರಿ ಒಳಗೆ ಹೋಗದಂತೆ ಮುಚ್ಚಳ ಬಿಗಿ ಇರಲಿ. ಆಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಬಿಚ್ಚುವಾಗ ಮೊದಲು ಅರ್ತ್ ಕಡೆ (ಗಾಡಿಯ ಲೋಹದ ಮೈಗೆ ಹೋಗುವ ವೈರ್) ಬಿಚ್ಚಿ, ಹಾಕುವಾಗ ಅದನ್ನು ಕೊನೆಗೆ ಹಾಕಿ. ತೀರಾ ಹಳೇ ಅಂಬಾಸಿಡರ್ ಆಗಿದ್ದರೆ ಒಂದು ಎಚ್ಚರಿಕೆ: ಅದರ ಮೂಲವಾದ ಮಾರಿಸ್ ಆಕ್ಸ್‌ಫರ್ಡ್‌ನಲ್ಲಿ ಪ್ಲಸ್ ಅರ್ತ್ ಇತ್ತು. ನಿಮ್ಮದರಲ್ಲಿ ಗಾಡಿಯ ಮೈಗೆ ಹೋಗಿರುವುದು ಪ್ಲಸ್ಸಾ ಮೈನಸ್ಸಾ ಎಂದು ನೋಡಿಕೊಂಡೇ ಹೊಸ ಬ್ಯಾಟರಿ ಕೂರಿಸಿ.

ಹೊಸ ಬ್ಯಾಟರಿ ಹಾಕಿದರೂ ಸೆಲ್ಫ್ ಎಳೆಯುತ್ತಿಲ್ಲವಲ್ಲ?

ಈ ಪ್ರಶ್ನೆಗೆ ನಾನು ದುಡ್ಡು ಕೊಟ್ಟು ಉತ್ತರ ಕಲಿತವನು. ಗಾಡಿ ತಂದ ಮೊದಲ ವರ್ಷ ಸೆಲ್ಫ್ ಮುದುಕನ ಹಾಗೆ "ಉಂ... ಉಂ..." ಎನ್ನುತ್ತಿತ್ತು. ಒಬ್ಬರು ಬ್ಯಾಟರಿ ಹೋಗಿದೆ ಎಂದರು, ಹಾಕಿಸಿದೆ. ಇನ್ನೊಬ್ಬರು ಸೆಲ್ಫ್ ಬಿಚ್ಚಿ ಬುಷ್, ಕಾರ್ಬನ್ ಎಲ್ಲ ಬದಲಾಯಿಸಿದರು. ಎರಡು ದಿನ ಚೆನ್ನಾಗಿತ್ತು, ಮೂರನೇ ದಿನ ಮತ್ತೆ ಅದೇ ರಾಗ. ಕೊನೆಗೆ ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, "ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ ಬರ್ತಿದೆ ನೋಡ್ರಿ" ಎಂದು ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿದಳು. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಪಾಲು ಹೆಚ್ಚಿಸಲು ಎಳೆಯುವ ಚೋಕ್ ಕೇಬಲ್ ಮುಟ್ಟಲಾಗದಷ್ಟು ಬಿಸಿ.

ಚೋಕ್ ಕೇಬಲ್ ಯಾಕೆ ಬಿಸಿ ಆಗಬೇಕು? ಇಂಜಿನ್ ರಬ್ಬರ್ ಮೌಂಟ್ ಮೇಲೆ ಕೂತಿರುತ್ತದೆ, ರಬ್ಬರ್‌ನಲ್ಲಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಇಂಜಿನ್‌ಗೂ ಬಾಡಿಗೂ ನಡುವೆ ಹೆಣೆದ ತಾಮ್ರದ ಪಟ್ಟಿ ಒಂದನ್ನು ಹಾಕಿರುತ್ತಾರೆ. ಅದೇ ಅರ್ತ್ ಪಟ್ಟಿ. ಅದು ತುಕ್ಕು ಹಿಡಿದರೆ ಅಥವಾ ತುಂಡಾದರೆ ಸೆಲ್ಫ್‌ನ ಅಷ್ಟೂ ಕರೆಂಟ್ ವಾಪಸ್ ಹೋಗಲು ಬೇರೆ ದಾರಿ ಹುಡುಕುತ್ತದೆ. ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಯಾವುದು ಸಿಕ್ಕಿದರೆ ಅದು. ನನ್ನ ಗಾಡಿಯಲ್ಲಿ ಪಟ್ಟಿಯ ಬೋಲ್ಟ್ ಕೆಳಗೆ ಪೇಂಟ್, ಮಣ್ಣು, ಎಣ್ಣೆ ಮೂರೂ ಸೇರಿ ಗಾರೆ ಆಗಿತ್ತು. ಕೆರೆದು ಬಿಗಿ ಮಾಡಿದೆ. ಖರ್ಚು ಸೊನ್ನೆ. ಅದಕ್ಕೆ ಮೊದಲು ಆದ ಖರ್ಚು ಇಲ್ಲಿ ಬರೆಯುವುದಿಲ್ಲ, ಹೆಂಡತಿ ಓದುತ್ತಾಳೆ.

ಮೀಟರ್ ಇದ್ದರೆ ಹೀಗೆ ನೋಡಿ: ಒಂದು ಕಡ್ಡಿ ಬ್ಯಾಟರಿಯ ಅರ್ತ್ ಕಡೆಯ ಕಂಬಕ್ಕೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ. ಸೆಲ್ಫ್ ಹೊಡೆಸಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ತ್ ಸರಿ ಇಲ್ಲ.

ಸೆಲ್ಫ್ ಗುಂಯ್ ಎಂದು ಒಂದೇ ತಿರುಗುತ್ತೆ, ಇಂಜಿನ್ ಕದಲಲ್ಲ

ಸೆಲ್ಫ್‌ನ ಸಣ್ಣ ಗೇರು ಮುಂದೆ ಬಂದು ಫ್ಲೈವೀಲ್ ಹಲ್ಲಿಗೆ ಕಚ್ಚಿಕೊಳ್ಳುತ್ತಿಲ್ಲ. ಹಳೇ ಅಂಬಾಸಿಡರ್‌ಗಳಲ್ಲಿ ಈ ಗೇರು ತಿರುಗುವ ಜೋರಿಗೇ ಮುಂದೆ ಜಾರುತ್ತದೆ, ಧೂಳು ಮತ್ತು ಗ್ರೀಸ್ ಸೇರಿ ಅಂಟಾದರೆ ಜಾರುವುದಿಲ್ಲ. ಪೆಟ್ರೋಲ್‌ನಲ್ಲಿ ತೊಳೆದು ಒಣಗಿಸಿ, ಗ್ರೀಸ್ ಹಚ್ಚಬೇಡಿ, ಹಚ್ಚಿದರೆ ನಮ್ಮ ಕಡೆಯ ಧೂಳಿಗೆ ತಿಂಗಳಲ್ಲಿ ಮತ್ತೆ ಅದೇ ಕಥೆ. ಇದಕ್ಕೆ ಉಲ್ಟಾ, ಗೇರು ಕಚ್ಚಿಕೊಂಡು ಬಿಡದೇ ಇದ್ದರೆ, ಕೀ ಆಫ್ ಮಾಡಿ, ಟಾಪ್ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ತೂಗಿ. "ಟಕ್" ಎಂದು ಬಿಡುತ್ತದೆ.

ಇಂಜಿನ್ ಚೆನ್ನಾಗಿ ತಿರುಗುತ್ತೆ, ಹಿಡಿಯಲ್ಲ. ಕರೆಂಟಾ, ಪೆಟ್ರೋಲಾ?

ಮೂಗು ಬಳಸಿ. ಹತ್ತು ಸೆಕೆಂಡ್ ಸೆಲ್ಫ್ ಹೊಡೆದು ಬಾನೆಟ್ ಎತ್ತಿ. ಪೆಟ್ರೋಲ್ ವಾಸನೆ ಘಮ್ಮೆಂದರೆ ಪೆಟ್ರೋಲ್ ಬಂದಿದೆ, ಕರೆಂಟ್ ನೋಡಿ. ವಾಸನೆಯೇ ಇಲ್ಲದಿದ್ದರೆ ಪೆಟ್ರೋಲ್ ಕಡೆ ಅನುಮಾನ ಪಡಿ.

ಕರೆಂಟ್ ನೋಡುವ ಮೊದಲು ಈ ವಾಸನೆ ಆರಲಿ, ಎಲ್ಲಾದರೂ ಪೆಟ್ರೋಲ್ ಸೋರುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಆಮೇಲೆ ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕರೆಂಟ್ ಹಂಚುವ ಡಬ್ಬಿ) ಕ್ಯಾಪ್‌ನ ನಡುವಿನ ದಪ್ಪ ವೈರ್ ಕಿತ್ತು, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಅದರ ತುದಿ ಇಂಜಿನ್ ಲೋಹದಿಂದ 6 ಮಿ.ಮೀ. ದೂರ ಇರಲಿ. ಕಾರ್ಬೊರೇಟರ್‌ನಿಂದ ದೂರ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ನೀಲಿ ಬಣ್ಣದ, "ಚಟ್ ಚಟ್" ಎಂದು ಸದ್ದು ಮಾಡುವ ಕಿಡಿ ಬಂದರೆ ಕಾಯಿಲ್ (ವೋಲ್ಟ್ ಏರಿಸುವುದು), ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಸ್ವಿಚ್), ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಪಾಡುವುದು) ಎಲ್ಲ ಸರಿ. ಇಲ್ಲಿ ಕಿಡಿ ಇದ್ದು ಪ್ಲಗ್‌ನಲ್ಲಿ ಇಲ್ಲದಿದ್ದರೆ ರೋಟರ್ (ಕ್ಯಾಪ್ ಒಳಗೆ ತಿರುಗುವ ತುಂಡು), ಕ್ಯಾಪ್, ಪ್ಲಗ್ ವೈರ್ ನೋಡಿ. ಕ್ಯಾಪ್ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಇದ್ದರೆ ಅದು ಬಿರುಕು, ಕಿಡಿ ಅಲ್ಲಿಂದ ಕಳ್ಳದಾರಿ ಹಿಡಿಯುತ್ತದೆ. ಹಳದಿ, ಬಡಕಲು ಕಿಡಿ ಬಂದರೆ ಮುಂದಿನ ಪ್ರಶ್ನೆ ಓದಿ.

ಕರೆಂಟ್ ಇಲ್ಲ. ಕಾಯಿಲ್ ಬದಲಾಯಿಸಲಾ?

ಎಲ್ಲರೂ ಮೊದಲು ಕಾಯಿಲ್‌ಗೇ ಕೈ ಹಾಕುತ್ತಾರೆ. ಅದು ಕೆಡುವುದು ಕಡಿಮೆ. ಕೆಡುವುದು ಪಾಯಿಂಟ್ ಮತ್ತು ಕಂಡೆನ್ಸರ್.

ಒಂದು ಸಣ್ಣ 12 ವೋಲ್ಟ್ ಬಲ್ಬಿಗೆ ಎರಡು ವೈರ್ ಕಟ್ಟಿ ಟೆಸ್ಟ್ ಲ್ಯಾಂಪ್ ಮಾಡಿಕೊಳ್ಳಿ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ವೈರಿನ ಕಂಬಕ್ಕೆ ಒಂದು ತುದಿ, ಇಂಜಿನ್ ಲೋಹಕ್ಕೆ ಇನ್ನೊಂದು. ಕೀ ಆನ್ ಮಾಡಿ ಸೆಲ್ಫ್ ಹೊಡೆಸಿ. ಬಲ್ಬ್ ಮಿಣಕ್ ಮಿಣಕ್ ಎಂದರೆ ಪಾಯಿಂಟ್ ತೆರೆದು ಮುಚ್ಚುತ್ತಿದೆ. ಆರದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ ಅಥವಾ ಅದರ ಮುಖಕ್ಕೆ ಎಣ್ಣೆ, ಕೊಳೆ ಕೂತಿದೆ. ಹತ್ತಲೇ ಇಲ್ಲವೆಂದರೆ ಕೀ ಕಡೆಯಿಂದ ಕಾಯಿಲ್‌ಗೆ ಕರೆಂಟ್ ಬಂದಿಲ್ಲ, ಅಥವಾ ಪಾಯಿಂಟ್ ತೆರೆಯುತ್ತಲೇ ಇಲ್ಲ, ಅಥವಾ ಕಂಡೆನ್ಸರ್ ಶಾರ್ಟ್ ಆಗಿದೆ.

ಪಾಯಿಂಟ್ ಗ್ಯಾಪ್ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್‌ಗೆ 0.35ರಿಂದ 0.40 ಮಿ.ಮೀ. ಪದ್ಮಿನಿಯವರು ಕೈಪಿಡಿ ನೋಡಿ ಇಡಿ. ಪ್ಲಗ್ ಗ್ಯಾಪ್ 0.6 ಆಸುಪಾಸು, ಸಂದು ಅಳೆಯುವ ಫೀಲರ್ ಗೇಜ್ ಇಲ್ಲದಿದ್ದರೆ ಹ್ಯಾಕ್ಸಾ ಬ್ಲೇಡಿನ ದಪ್ಪ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಪಾಯಿಂಟ್ ಉಜ್ಜಿದ ಮೇಲೆ ಒಂದು ಬಿಳಿ ಕಾಗದವನ್ನು ನಡುವೆ ಎಳೆದು ಪುಡಿ ತೆಗೆಯಿರಿ, ಎಷ್ಟೋ ಸಲ ಉಜ್ಜಿದ ಪುಡಿಯೇ ಅಡ್ಡ ಕೂತು ಗಾಡಿ ಹಿಡಿಯುವುದಿಲ್ಲ.

ಇನ್ನು ಕಂಡೆನ್ಸರ್. ಹೆಬ್ಬೆರಳಿಗಿಂತ ಚಿಕ್ಕದು, ಆದರೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿದ್ದು ಬೇರೆಲ್ಲದಕ್ಕಿಂತ ಜಾಸ್ತಿ ಇದೇ. ಪಾಯಿಂಟ್ ಬೇಗ ಬೇಗ ಸುಟ್ಟು ಕಪ್ಪಾಗುವುದು, ಕಿಡಿ ಹಳದಿ ಆಗುವುದು, ಇಂಜಿನ್ ಬಿಸಿಯಾದಾಗ ಮಾತ್ರ ಕೈಕೊಡುವುದು, ಇದೆಲ್ಲ ಅದರ ಲಕ್ಷಣ. ಈಗ ಸಿಗುವ ಹೊಸ ಕಂಡೆನ್ಸರ್‌ಗಳನ್ನು ನಾನು ನಂಬುವುದಿಲ್ಲ. ಪ್ಯಾಕೆಟ್ ಹೊಸದಾಗಿದ್ದ ಮಾತ್ರಕ್ಕೆ ಒಳಗಿನದು ಸರಿ ಇರಬೇಕೆಂದಿಲ್ಲ.

ಮಳೆ ಬಂದ ಮಾರನೇ ದಿನ ಮಾತ್ರ ಹಠ ಮಾಡುತ್ತೆ

ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಒಳಗೂ ಹೊರಗೂ ಒಣ ಬಟ್ಟೆಯಲ್ಲಿ ಒರೆಸಿ. ಪ್ಲಗ್ ವೈರ್, ಕಾಯಿಲ್ ತಲೆಯನ್ನೂ ಒರೆಸಿ. ಹತ್ತಕ್ಕೆ ಎಂಟು ಸಲ ಅಷ್ಟೇ. ಕತ್ತಲಲ್ಲಿ ಬಾನೆಟ್ ಎತ್ತಿ ಸೆಲ್ಫ್ ಹೊಡೆಸಿದರೆ ಹಳೇ ವೈರುಗಳಿಂದ ಕರೆಂಟ್ ಸೋರುವುದು ಮಿಂಚುಹುಳುವಿನ ಹಾಗೆ ಕಾಣುತ್ತದೆ. ಕಂಡರೆ ವೈರ್ ಸೆಟ್ ಬದಲಾಯಿಸಿ.

ಎರಡು ತಿಂಗಳು ಶೆಡ್‌ನಲ್ಲಿ ನಿಂತಿತ್ತು, ಈಗ ಪೆಟ್ರೋಲ್ ಬರ್ತಿಲ್ಲ

ನಿಂತ ಗಾಡಿಯ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ, ಎಸಿ ಪಂಪ್ (ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪ್) ಮತ್ತೆ ಎಳೆದು ತುಂಬಲು ಸಮಯ ಬೇಕು. ಅದಕ್ಕಾಗಿ ಬ್ಯಾಟರಿ ಸಾಯಿಸಬೇಡಿ. ಪಂಪಿನ ಕೆಳಗೆ ಕೈಯಲ್ಲಿ ಒತ್ತುವ ಸಣ್ಣ ಲಿವರ್ ಇದ್ದರೆ ಇಪ್ಪತ್ತು ಮೂವತ್ತು ಸಲ ಒತ್ತಿ. ಲಿವರ್ ಸಡಿಲ ಅನಿಸಿದರೆ ಇಂಜಿನ್ ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ, ಯಾಕೆಂದರೆ ಕ್ಯಾಮ್ ಅದನ್ನು ಎತ್ತಿ ಹಿಡಿದಿರುತ್ತದೆ.

ಆದರೂ ಬರದಿದ್ದರೆ ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಬಾಟಲಿಗೆ ಇಳಿಸಿ, ಕಾಯಿಲ್‌ನ ಕೀ ಕಡೆಯ ವೈರ್ ತೆಗೆದು, ಸೆಲ್ಫ್ ಹೊಡೆಸಿ. ಬಾಟಲಿಗೆ ಜುಳು ಜುಳು ಬಂದರೆ ಪಂಪ್ ಸರಿ, ಕಾರ್ಬೊರೇಟರ್‌ನ ಸೂಜಿ ಅಂಟಿಕೊಂಡಿದೆ. ಮೇಲಿನ ಮುಚ್ಚಳದ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿ. ಬರದಿದ್ದರೆ ಟ್ಯಾಂಕ್ ಮುಚ್ಚಳ ತೆಗೆದು ಮತ್ತೆ ನೋಡಿ. ಮುಚ್ಚಳದ ಗಾಳಿ ತೂತು ಕಟ್ಟಿದ್ದರೆ ಟ್ಯಾಂಕ್ ಒಳಗೆ ನಿರ್ವಾತ ಆಗಿ ಪಂಪ್ ಎಳೆಯಲಾರದು, ತೆಗೆದ ಕೂಡಲೇ "ಪುಸ್" ಎಂದು ಗಾಳಿ ಒಳಗೆ ಹೋದರೆ ಕಳ್ಳ ಸಿಕ್ಕಿದ ಹಾಗೆ. ಈ ಕೆಲಸ ಮಾಡುವಾಗ ಬೀಡಿ, ಸಿಗರೇಟ್ ದೂರ ಇರಲಿ, ನೋಡಲು ನಿಂತವರದ್ದೂ ಸೇರಿ.

ಎಥೆನಾಲ್ ಪೆಟ್ರೋಲ್‌ನಿಂದ ತೊಂದರೆ ನಿಜವಾ?

ನಿಜ. ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಆಯಿತು, ಈಗ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ನಮ್ಮ ಗಾಡಿಗಳ ರಬ್ಬರ್ ಅದಕ್ಕೆಂದು ಮಾಡಿದ್ದಲ್ಲ. ಪೈಪ್ ಉಬ್ಬಿ ಮೆತ್ತಗಾಗುತ್ತದೆ, ಪಂಪಿನ ಡಯಾಫ್ರಮ್ ಗಡುಸಾಗಿ ಬಿರಿಯುತ್ತದೆ. ಎಥೆನಾಲ್ ನೀರು ಹೀರುತ್ತದೆ, ಹಾಗಾಗಿ ನಿಂತ ಗಾಡಿಯ ಟ್ಯಾಂಕ್ ತಳದಲ್ಲಿ ನೀರು, ತುಕ್ಕು. ಹಳೇ ಟ್ಯಾಂಕಿನ ಒಳಗೆ ವರ್ಷಗಟ್ಟಲೆ ಕೂತ ಕೊಳೆಯನ್ನೂ ಅದು ಬಿಡಿಸಿ ಕಾರ್ಬೊರೇಟರ್‌ಗೆ ಕಳಿಸುತ್ತದೆ. ಎಥೆನಾಲ್ ತಡೆಯುವ ಪೈಪ್ ಹಾಕಿಸಿ, ನಡುವೆ ಒಂದು ಪಾರದರ್ಶಕ ಫಿಲ್ಟರ್ ಇರಲಿ, ತಿಂಗಳಿಗೆ ಎರಡು ಸಲವಾದರೂ ಗಾಡಿ ಓಡಿಸಿ.

ತಣ್ಣಗಿದ್ದಾಗ ಒಂದೇ ಸೆಲ್ಫ್‌ಗೆ ಹಿಡಿಯುತ್ತೆ. ಬಿಸಿಲಲ್ಲಿ ಓಡಿಸಿ ನಿಲ್ಲಿಸಿದರೆ ಮತ್ತೆ ಹಿಡಿಯಲ್ಲ. ಯಾಕೆ?

ನಮ್ಮ ಕಡೆಯ ನಂಬರ್ ಒನ್ ಪ್ರಶ್ನೆ ಇದು. ಏಪ್ರಿಲ್‌ನಲ್ಲಿ ದುರ್ಗದಿಂದ ಹೊರಟು ಭರಮಸಾಗರದಲ್ಲಿ ಟೀ ಕುಡಿಯಲು ನಿಲ್ಲಿಸಿದೆ. ಇಪ್ಪತ್ತು ನಿಮಿಷ. ವಾಪಸ್ ಬಂದರೆ ಸೆಲ್ಫ್ ತಿರುಗುತ್ತದೆ, ಗಾಡಿ ಹಿಡಿಯುವುದಿಲ್ಲ. ಓಡುವಾಗ ಗಾಳಿ, ಫ್ಯಾನ್ ಸೇರಿ ಬಾನೆಟ್ ಒಳಗೆ ಸ್ವಲ್ಪ ತಂಪು ಇಟ್ಟಿರುತ್ತವೆ. ನಿಲ್ಲಿಸಿದ ಮೇಲೆ ಇಂಜಿನ್‌ನ ಬಿಸಿಯೆಲ್ಲ ಪಂಪ್, ಪೈಪ್‌ಗೆ ಏರುತ್ತದೆ. ಒಳಗಿನ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತದೆ, ಪಂಪ್ ಗುಳ್ಳೆಯನ್ನು ತಳ್ಳಲಾರದು. ಇದೇ ವೇಪರ್ ಲಾಕ್. ಬಾನೆಟ್ ಎತ್ತಿ, ಟವೆಲ್ ಒದ್ದೆ ಮಾಡಿ ಪಂಪಿನ ಮೇಲೂ ಪೈಪಿನ ಮೇಲೂ ಹಾಕಿ, ಇನ್ನೊಂದು ಟೀ ಕುಡಿದೆ. ಹಿಡಿಯಿತು.

ಮೂರು ವಾರ ಬಿಟ್ಟು ಅದೇ ರಸ್ತೆ, ಅದೇ ಬಿಸಿಲು, ಅದೇ ಲಕ್ಷಣ. ಜಾಣನ ಹಾಗೆ ಮತ್ತೆ ಟವೆಲ್ ಹಾಕಿದೆ. ಒಂದು ಗಂಟೆ ಕಾದರೂ ಇಲ್ಲ. ಆಮೇಲೆ ಕಿಡಿ ನೋಡಿದರೆ ಕಿಡಿಯೇ ಇರಲಿಲ್ಲ, ಕಂಡೆನ್ಸರ್ ಸತ್ತಿತ್ತು. ಹಾಗಾಗಿ ಈಗ ನಾನು ಹೇಳುವುದು ಇಷ್ಟು: ಬಿಸಿಯಲ್ಲಿ ಕೈಕೊಟ್ಟರೆ ಬಿಸಿ ಇರುವಾಗಲೇ ಪರೀಕ್ಷೆ ಮಾಡಿ. ತಣ್ಣಗಾದ ಮೇಲೆ ಕಂಡೆನ್ಸರ್, ಕಾಯಿಲ್, ಪಂಪ್ ಎಲ್ಲವೂ ಒಳ್ಳೆಯ ಮಕ್ಕಳಾಗುತ್ತವೆ, ಗ್ಯಾರೇಜಿಗೆ ಹೋದರೆ "ಗಾಡಿ ಚೆನ್ನಾಗೇ ಇದೆಯಲ್ರಿ" ಎನ್ನುತ್ತಾರೆ.

ಮೂರನೆಯ ಸಾಧ್ಯತೆಯೂ ಇದೆ. ಬಿಸಿಗೆ ಕಾರ್ಬೊರೇಟರ್ ಬಟ್ಟಲಿನ ಪೆಟ್ರೋಲ್ ಕುದಿದು ಇಂಜಿನ್ ಒಳಗೆ ಸುರಿದು ಓವರ್‌ಫ್ಲೋ ಆಗಿರುತ್ತದೆ. ವಾಸನೆ ಜೋರಾಗಿರುತ್ತದೆ. ಆಗ ಚೋಕ್ ಮುಟ್ಟಬೇಡಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಪದೇ ಪದೇ ತುಳಿಯದೆ, ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ.

ಚೋಕ್ ಎಷ್ಟು ಎಳೆಯಬೇಕು?

ತಣ್ಣಗಿದ್ದರೆ ಪೂರ್ತಿ, ಹಿಡಿದ ಕೂಡಲೇ ಅರ್ಧ, ಒಂದೆರಡು ನಿಮಿಷಕ್ಕೆ ಪೂರ್ತಿ ಒಳಗೆ. ಬೇಸಿಗೆಯಲ್ಲಿ ಮಧ್ಯಾಹ್ನ ಬಹಳ ಸಲ ಬೇಕೇ ಆಗುವುದಿಲ್ಲ. ಅಂಬಾಸಿಡರ್‌ನಲ್ಲಿ ಎಸ್‌ಯು ಕಾರ್ಬೊರೇಟರ್ ಇದ್ದರೆ ಸ್ಟಾರ್ಟ್ ಮಾಡುವ ಮೊದಲು ಆಕ್ಸಿಲರೇಟರ್ ದಬದಬ ತುಳಿದು ಪ್ರಯೋಜನ ಇಲ್ಲ, ಅದರಲ್ಲಿ ಆಕ್ಸಿಲರೇಟರ್ ಪಂಪ್ ಇರುವುದಿಲ್ಲ. ಸುಮ್ನೆ ಕಾಲಿಗೆ ಕೆಲಸ.

ತಳ್ಳಿ ಸ್ಟಾರ್ಟ್ ಮಾಡಬಹುದಾ? ಹ್ಯಾಂಡಲ್ ಹೊಡೆಯಬಹುದಾ?

ಧಾರಾಳವಾಗಿ. ಎರಡನೇ ಗೇರ್, ಕೀ ಆನ್, ಸ್ವಲ್ಪ ವೇಗ ಬಂದ ಮೇಲೆ ಕ್ಲಚ್ ಬಿಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಮಾತ್ರ ತಳ್ಳಿಯೂ ಕಷ್ಟ, ಕಾಯಿಲ್‌ಗೆ ಒಂದಿಷ್ಟಾದರೂ ಕರೆಂಟ್ ಬೇಕಲ್ವಾ. ಇಂಜಿನ್ ಮುಂದೆ ಸಿಕ್ಕಿಸಿ ಕೈಯಲ್ಲಿ ತಿರುಗಿಸುವ ಹ್ಯಾಂಡಲ್ ಹೊಡೆಯುವಾಗ ಗೇರ್ ನ್ಯೂಟ್ರಲ್‌ನಲ್ಲಿದೆಯೇ, ಹ್ಯಾಂಡ್‌ಬ್ರೇಕ್ ಬಿದ್ದಿದೆಯೇ ಎಂದು ಎರಡು ಸಲ ನೋಡಿ. ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಗೇ ಇಟ್ಟುಕೊಳ್ಳಿ, ಹಿಡಿಯನ್ನು ಸುತ್ತಿ ಹಿಡಿಯಬೇಡಿ. ಕೆಳಗಿನಿಂದ ಮೇಲಕ್ಕೆ ಎಳೆಯಿರಿ, ಮೇಲಿನಿಂದ ತುಳಿಯಬೇಡಿ. ಟೈಮಿಂಗ್ ಮುಂದೆ ಇದ್ದರೆ, ಅಂದರೆ ಕಿಡಿ ಬೇಗ ಬರುತ್ತಿದ್ದರೆ, ಇಂಜಿನ್ ವಾಪಸ್ ಒದೆಯುತ್ತದೆ, ಕೈ ಮುರಿಯುವಷ್ಟು ಜೋರಾಗಿ.

ಕರೆಂಟೂ ಇದೆ, ಪೆಟ್ರೋಲೂ ಇದೆ, ಆದರೂ ಇಲ್ಲ

ಇತ್ತೀಚೆಗೆ ಯಾರಾದರೂ ಪ್ಲಗ್ ವೈರ್ ತೆಗೆದಿದ್ದರಾ? ಪದ್ಮಿನಿಗೂ ಅಂಬಾಸಿಡರ್‌ಗೂ ಕಿಡಿಯ ಸರದಿ 1-3-4-2. ಎರಡು ವೈರ್ ಅದಲುಬದಲಾದರೆ ಕಾರ್ಬೊರೇಟರ್‌ನಿಂದ, ಸೈಲೆನ್ಸರ್‌ನಿಂದ ಪಟಾಕಿ. ಸರದಿ ಸರಿ ಇದ್ದರೆ ಡಿಸ್ಟ್ರಿಬ್ಯೂಟರ್ ಬೋಲ್ಟ್ ಸಡಿಲಾಗಿ ಟೈಮಿಂಗ್ ತಿರುಗಿದೆಯಾ ನೋಡಿ. ಆಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಕಂಪ್ರೆಷನ್ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕಡೆ. ಇದು ಮನೆಯಂಗಳದ ಕೆಲಸ ಅಲ್ಲ, ಹಳೇ ಗಾಡಿ ಬಲ್ಲ ಮೇಸ್ತ್ರಿ ಹತ್ತಿರ ಹೋಗಿ. ಹೋದಾಗ "ಸ್ಟಾರ್ಟ್ ಆಗ್ತಿಲ್ಲ" ಎನ್ನಬೇಡಿ. "ಕಿಡಿ ನೀಲಿ ಇದೆ, ಬಾಟಲಿಗೆ ಪೆಟ್ರೋಲ್ ಬಂತು, ಬಿಸಿ ಆದಾಗ ಮಾತ್ರ ಹೀಗೆ" ಎಂದು ನೋಡಿದ್ದನ್ನು ಹೇಳಿ.

ನಮ್ಮದು ಡೀಸೆಲ್ ಅಂಬಾಸಿಡರ್

ಪಾಯಿಂಟ್, ಕಂಡೆನ್ಸರ್ ಗೋಳು ನಿಮಗಿಲ್ಲ. ಹೀಟರ್ ಪ್ಲಗ್ (ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಒಳಗೆ ಬಿಸಿ ಮಾಡುವುದು) ಬಿಸಿಯಾಗುತ್ತಿದೆಯಾ ನೋಡಿ, ಆಮೇಲೆ ಡೀಸೆಲ್ ಲೈನಿನಲ್ಲಿ ಏರ್ ಹಿಡಿದಿದೆಯಾ ನೋಡಿ, ಏರ್ ತೆಗೆಯಿರಿ. ಸೆಲ್ಫ್ ನಿಧಾನವಾಗಿ ತಿರುಗಿದರೆ ಡೀಸೆಲ್ ಇಂಜಿನ್ ಹಿಡಿಯುವುದೇ ಇಲ್ಲ, ಆದ್ದರಿಂದ ಬ್ಯಾಟರಿ ಮತ್ತು ಅರ್ತ್ ಪಟ್ಟಿಯ ಮಾತು ನಿಮಗೆ ಎರಡು ಪಟ್ಟು ಅನ್ವಯಿಸುತ್ತದೆ.

ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿಬಿಡಲಾ?

ದಿನಾ ಓಡಿಸುವವರು ಹಾಕಿಸಿ, ತಪ್ಪಿಲ್ಲ. ನಾನು ಹಾಕಿಸಿಲ್ಲ. ಪಾಯಿಂಟ್ ಕೆಟ್ಟರೆ ರಸ್ತೆ ಬದಿಯಲ್ಲಿ ಉಜ್ಜಿ ಮನೆ ಸೇರಬಹುದು, ಆ ಕಪ್ಪು ಡಬ್ಬಿ ಕೆಟ್ಟರೆ ಟೋ ಮಾಡಿಸಬೇಕು. ಹಾಕಿಸಿದರೂ ಹಳೇ ಪಾಯಿಂಟ್ ಸೆಟ್ ಡಿಕ್ಕಿಯಲ್ಲಿರಲಿ.

ಡಿಕ್ಕಿಯಲ್ಲಿ ಇನ್ನೇನು ಇಟ್ಟುಕೊಳ್ಳಬೇಕು?

ನನ್ನ ಡಬ್ಬಿಯಲ್ಲಿ ಇರುವುದು: ಟೆಸ್ಟ್ ಲ್ಯಾಂಪ್, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್, ಒಂದು ಪಾಯಿಂಟ್ ಸೆಟ್, ರೋಟರ್, ಉಪ್ಪು ಕಾಗದ, ಒಂದು ಮೊಳ ಪೆಟ್ರೋಲ್ ಪೈಪ್ ಮತ್ತು ಎರಡು ಕ್ಲಿಪ್, ಟವೆಲ್, ಎರಡು ಲೀಟರ್ ನೀರು. ಮತ್ತೆ ಎರಡು ಕಂಡೆನ್ಸರ್, ಆದರೆ ಎರಡೂ ಹೊಸವಲ್ಲ. ಹೊಸದು ತಂದರೆ ಮೊದಲು ಗಾಡಿಗೆ ಹಾಕಿ ಒಂದು ವಾರ ಓಡಿಸುತ್ತೇನೆ. ಬಿಸಿಲಲ್ಲಿ ದುರ್ಗಕ್ಕೆ ಹೋಗಿ ಬಂದು ಪಾಸಾದರೆ ಬಿಚ್ಚಿ ಡಬ್ಬಿಗೆ ಹಾಕಿ, ಹಳೆಯದನ್ನೇ ವಾಪಸ್ ಕೂರಿಸುತ್ತೇನೆ.